ಅಕ್ಕನ ಪ್ಲಾಟಿನ ಕಾಗದ ಓದಿದವನು ನಾನು

ಎರಡು ವರ್ಷದ ಹಿಂದೆ, ರಿಜಿಸ್ಟ್ರಾರ್ ಕಚೇರಿಯ ವರಾಂಡದಲ್ಲಿ, ನನ್ನ ಅಕ್ಕ ನನಗೊಂದು ಪ್ರಶ್ನೆ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ನನ್ನ ತಪ್ಪು ಅಷ್ಟೇ. ಕೇಳಿದರೆ ಎಷ್ಟು ಸಣ್ಣದು ಅನಿಸುತ್ತದೆ, ಅಲ್ಲವೇ?

ಆ ದಿನ ಅಕ್ಕ ನೂರೈವತ್ತು ಗಜದ ಪ್ಲಾಟ್ ಕೊಳ್ಳುತ್ತಿದ್ದಳು. (ಹೈದರಾಬಾದಿನಲ್ಲಿ ಜಾಗ ಅಳೆಯುವುದು ಗಜದಲ್ಲಿ. ಮೂವತ್ತು-ನಲವತ್ತರ ಸೈಟು ಎಂದರೆ ನಿಮ್ಮ ಮುಖ ನೋಡುತ್ತಾರೆ.) ಲಿಂಗಂಪಲ್ಲಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರ. ಗೇಟಿಗೆ ಕಮಾನು, ದಾರಿಯ ಎರಡೂ ಕಡೆ ಮೊಣಕಾಲೆತ್ತರದ ತೆಂಗಿನ ಸಸಿ, ಸಾಲಾಗಿ ನೆಟ್ಟ ಹಳದಿ ಕಲ್ಲುಗಳು. ಇಂಥ ಬಡಾವಣೆಗೆ ಇಲ್ಲಿ ‘ವೆಂಚರ್’ ಎನ್ನುತ್ತಾರೆ. ಅಕ್ಕನ ಕಲ್ಲಿನ ನಂಬರ್ ನಲವತ್ತೇಳು.

ನಮ್ಮದು ಯಾದಗಿರಿ ಕಡೆಯ ಹಳ್ಳಿ. ಅಕ್ಕ ಹದಿನಾರನೇ ವಯಸ್ಸಿಗೆ ಇಟ್ಟಿಗೆ ಹೊರಲು ಹೈದರಾಬಾದಿಗೆ ಬಂದವಳು. ಕೊಂಡಾಪುರದ ಅರ್ಧ ಅಪಾರ್ಟ್‌ಮೆಂಟುಗಳು ತನ್ನ ತಲೆಯ ಮೇಲೇ ಎದ್ದವು ಎನ್ನುತ್ತಾಳೆ. (ಸ್ವಲ್ಪ ಹೆಚ್ಚಾಯಿತು. ಕಾಲು ಭಾಗ ಇರಬಹುದು.) ಈಗ ಅಂಥದ್ದೇ ಒಂದು ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಾಳೆ. ಅವಳು ಶಾಲೆಯ ಮುಖ ನೋಡಲಿಲ್ಲ. ನನ್ನನ್ನು ಓದಿಸಿದಳು. ನಾನು ಏಳನೇ ಕ್ಲಾಸಿಗೆ ಬಿಟ್ಟೆ. ಬಡತನದ ಕಥೆ ಹೇಳಲಾರೆ, ಬಿಟ್ಟದ್ದು ನನ್ನ ಸೋಮಾರಿತನಕ್ಕೆ.

ಈಗ ನಾನು ಬೇಗಂ ಬಜಾರ್‌ನ ಅಂಗಡಿಯೊಂದರಲ್ಲಿ ಸ್ಟೀಲ್ ಪಾತ್ರೆ ತೂಗುತ್ತೇನೆ, ವಾರಕ್ಕೊಮ್ಮೆ ಈ ಅಂಕಣ ಬರೆಯುತ್ತೇನೆ. ಪತ್ರಿಕೆಯಲ್ಲಿ ಹೆಸರು ಬಂದಾಗಿನಿಂದ ಅಕ್ಕನ ಕಣ್ಣಿಗೆ ನಾನು ವಕೀಲ, ಡಾಕ್ಟರ್, ತಹಸೀಲ್ದಾರ್ ಮೂರೂ ಆಗಿದ್ದೇನೆ.

ಕನ್ನಡ ಕಲಿತವನಿಗೆ ತೆಲುಗು ಅಕ್ಷರ ಕೂಡಿಸಿ ಓದುವುದು ಕಷ್ಟವಲ್ಲ. ತಲೆಕಟ್ಟು ಸ್ವಲ್ಪ ಬೇರೆ, ಅಷ್ಟೇ. ಹೈದರಾಬಾದಿಗೆ ಬಂದ ಹೊಸತರಲ್ಲೇ ಬಸ್ಸಿನ ಬೋರ್ಡು ಓದಿದೆ. ಅಕ್ಕ ಬೆರಗಾದಳು. ನಾನು ಉಬ್ಬಿದೆ. ಅಲ್ಲಿಂದ ಮುಂದೆ ಕರೆಂಟ್ ಬಿಲ್ಲು, ರೇಷನ್ ಅಂಗಡಿಯ ನೋಟಿಸು, ಓಣಿಯವರ ಮದುವೆ ಕಾರ್ಡು ಎಲ್ಲವೂ ನನ್ನ ಕೈಗೇ. ಮಾತಾಡುವ ತೆಲುಗೂ ಬರುತ್ತದೆ, ಪಾತ್ರೆ ಮಾರುವಷ್ಟು. ಆದರೆ ರಿಜಿಸ್ಟ್ರಿ ಕಾಗದದ ತೆಲುಗು? ಅದು ಹುಟ್ಟಾ ತೆಲುಗಿನವರಿಗೂ ಬೆವರು ಬರಿಸುತ್ತದೆ.

“ತಮ್ಮಾ, ಹೆಬ್ಬಟ್ಟು ಒತ್ತೋಕಿಂತ ಮೊದಲ ಒಮ್ಮಿ ಓದಿ ಹೇಳು,” ಎಂದಳು ಅಕ್ಕ.

ಓದಿದೆ. ಗಟ್ಟಿಯಾಗಿ, ಎಲ್ಲೂ ತಡವರಿಸದೆ, ನಾಲ್ಕು ಪುಟ. ಸುತ್ತಲಿದ್ದವರು ತಿರುಗಿ ನೋಡಿದರು. ಓದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನನಗೇ ತಿಳಿಯಲಿಲ್ಲ.

“ಭಾಳ ಚಂದ ಓದತಿ ಬಿಡು. ಅಲ್ಲೋ, ನಮ್ಮ ಜಾಗದ ಮೂಡಲಕ ಯಾರದು, ಪಡುವಲಕ ಯಾರದು, ಅದು ಬರದಾರೇನು? ಅಪ್ಪ ಹೊಲದ ಕಾಗದ ತಗದಾಗೆಲ್ಲ ಮೊದಲ ಅದನ್ನೇ ಕೇಳತಿದ್ದ.”

ಚೆಕ್ಕುಬಂದಿ! ನಾಲ್ಕು ಪುಟ ಓದಿದವನಿಗೆ ಹೊಳೆಯದ ಪ್ರಶ್ನೆ, ಅಕ್ಷರ ಗೊತ್ತಿಲ್ಲದವಳಿಗೆ ಹೊಳೆದಿತ್ತು.

ಮೂರನೇ ಪುಟ ತಿರುವಿದೆ. ನಾಲ್ಕು ದಿಕ್ಕಿನ ಹೆಸರೇನೋ ಇತ್ತು. ಮುಂದೆ ಯಾವುದೋ ಸರ್ವೆ ನಂಬರು, ಒಂದು ಹಳ್ಳ, ಒಂದು ರಸ್ತೆ. ಅಕ್ಕಪಕ್ಕದ ನಲವತ್ತಾರು, ನಲವತ್ತೆಂಟರ ಸುಳಿವೇ ಇರಲಿಲ್ಲ. ಯಾಕಿಲ್ಲ? ಪಕ್ಕದಲ್ಲೇ ಪ್ಲಾಟ್ ಕೊಡಿಸುತ್ತಿದ್ದ ಬ್ರೋಕರ್ ನಿಂತಿದ್ದ. “ಜಲ್ದಿ ಕರೋ ಭಾಯ್, ಟೋಕನ್ ಬಂತು,” ಎನ್ನುತ್ತಿದ್ದ. ಅವನನ್ನು ಕೇಳಬಹುದಿತ್ತು. ಕೇಳಿದರೆ ನನಗೆ ತಿಳಿಯಲಿಲ್ಲ ಎಂದು ಅಕ್ಕನಿಗೆ ಗೊತ್ತಾಗುತ್ತಿತ್ತಲ್ಲ?

“ಬರದಾರಕ್ಕ. ನಾಕೂ ದಿಕ್ಕು ಬರದಾರ.”

ಅಕ್ಕ ಹೆಬ್ಬಟ್ಟು ಒತ್ತಿದಳು.

ನಿಮ್ಮ ಮನೆಯಲ್ಲೂ ಹೀಗೆ ಎಲ್ಲರ ಪರವಾಗಿ ಓದುವವರು ಒಬ್ಬರಿರುತ್ತಾರೆ. ಬ್ಯಾಂಕಿನ ಫಾರಂ, ಆಸ್ಪತ್ರೆಯ ಒಪ್ಪಿಗೆ ಪತ್ರ, ಮೊಬೈಲಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಎಲ್ಲವೂ ಅವರ ಪಾಲು. (ಬಹುಶಃ ಅದು ನೀವೇ.) “ಸರಿ ಇದೆ, ಸೈನ್ ಮಾಡಿ” ಎಂದು ನೀವು ಹೇಳಿದ್ದರಲ್ಲಿ ಎಷ್ಟು ಸಲ ನಿಜಕ್ಕೂ ತಿಳಿದು ಹೇಳಿದ್ದಿರಿ?

ಇರಲಿ, ನನ್ನ ತಪ್ಪಿಗೆ ನಿಮ್ಮನ್ನು ಜೊತೆ ಕರೆಯುವುದು ಬೇಡ.

ಈ ತಿಂಗಳು ಅಕ್ಕ ಮನೆ ಕಟ್ಟಲು ಹೊರಟಳು. ಮಾವ, ಅಂದರೆ ಅಕ್ಕನ ಗಂಡ, ಭೂಮಿಪೂಜೆಗೆ ದಿನ ಕೇಳಿಕೊಂಡು ಬಂದ. ಅಕ್ಕ ಪ್ಲಾಟಿನಲ್ಲಿ ಹೆಜ್ಜೆ ಹಾಕಿ ಅಳೆದಳು. “ಇಲ್ಲಿ ಅಡಗಿಮನಿ. ಕಿಟಕಿ ದೊಡ್ಡದಿರಲಿ. ಮಂದಿ ಮನಿಗೆ ಎಷ್ಟು ಕಿಟಕಿ ಇಡಿಸೀನಿ, ನನಗ ಒಂದಾದರೂ ಬ್ಯಾಡೇನು?” ಮೇಸ್ತ್ರಿಗೆ ಆಗಲೇ ಎಚ್ಚರಿಕೆ ಹೋಗಿತ್ತು. “ಮರಳು ಜಾಸ್ತಿ, ಸಿಮೆಂಟ್ ಕಮ್ಮಿ ಮಾಡೋ ಆಟ ನನ್ನ ಮುಂದ ನಡಿಯಂಗಿಲ್ಲ, ನೋಡು ಮತ್ತ.”

ಪ್ಲ್ಯಾನ್ ಹಾಕಿಸಲು ಲಿಂಗಂಪಲ್ಲಿಯ ಒಬ್ಬ ಇಂಜಿನಿಯರ್ ಹತ್ತಿರ ಅಕ್ಕ, ನಾನು ಇಬ್ಬರೂ ಹೋದೆವು. ಅವರು ಕಾಗದವನ್ನು ಮನಸ್ಸಿನಲ್ಲೇ ಓದಿದರು. ಎರಡು ನಿಮಿಷ ಸಾಕಾಯಿತು. ಆಮೇಲೆ ತೆಲುಗಿನಲ್ಲಿ ಕೇಳಿದರು: “ಅಮ್ಮಾ, ಇದರಲ್ಲಿ ನಿಮ್ಮ ಪ್ಲಾಟ್ ಎಲ್ಲಿದೆ?”

ಅಕ್ಕನಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಅಲ್ಲಿರುವ ದಿಕ್ಕುಗಳು ವೆಂಚರ್ ಮಾಡಿದ ಇಡೀ ಹೊಲದವು. ಆ ಹೊಲ ಪ್ಲಾಟ್ ಕೊಂಡವರೆಲ್ಲರಿಗೂ ಒಟ್ಟಾಗಿ ಸೇರಿದ್ದು. ಅದರಲ್ಲಿ ನೂರೈವತ್ತು ಗಜದ ಪಾಲು ಅಕ್ಕನದು, ಆದರೆ ಯಾವ ನೂರೈವತ್ತು ಗಜ ಎಂದು ಎಲ್ಲೂ ಬರೆದಿಲ್ಲ. ಕೊಂಡವರೆಲ್ಲ ಒಟ್ಟಿಗೆ ಕೂತು ಹಂಚಿಕೊಂಡು, ಅದನ್ನು ರಿಜಿಸ್ಟರ್ ಮಾಡಿಸಬೇಕು. ಅಲ್ಲಿಯವರೆಗೆ ಕಟ್ಟುವ ಮಾತೇ ಇಲ್ಲ.

“ಮತ್ತ ನಲವತ್ತೇಳು?”

“ಅದು ಕಲ್ಲಿನ ಮೇಲೆ ಮಾತ್ರ ಇದೆಯಮ್ಮಾ.”

ಅಕ್ಕ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ನೀ ಅವತ್ತ ಓದಿದ್ದಿ ಅಲ್ಲೇನೋ?”

ಹೇಳಲು ಎರಡನೇ ಅವಕಾಶ. ನಾನೇನು ಹೇಳಿದೆ ಗೊತ್ತೇ?

“ಅವತ್ತ ನಾ ಓದಿದ್ದು ಈ ಕಾಗದ ಅಲ್ಲಕ್ಕ. ಬದಲು ಮಾಡಿರಬೇಕು.”

ಎಷ್ಟು ಸಲೀಸಾಗಿ ಬಂತು! ಬ್ರೋಕರ್ ಸಾಚಾ ಎನ್ನುತ್ತಿಲ್ಲ. ಕಲ್ಲು ನೆಟ್ಟು ನಂಬಿಸಿದವನು ಅವನೇ. ಆದರೆ ಅವನು ಮಾಡಿದ ಮೋಸ ಅದು. ನಾನು ಅವನ ತಲೆಗೆ ಕಟ್ಟಿದ್ದು ಬೇರೊಂದು.

ಮಾರನೇ ದಿನ ಅಕ್ಕ ನನಗೆ ಹೇಳದೆ ಬ್ರೋಕರ್ ಆಫೀಸಿಗೆ ನುಗ್ಗಿದಳು. ಜೊತೆಗೆ ಹೋಗಿದ್ದ ಮಾವ ಆಮೇಲೆ ಎಲ್ಲ ಹೇಳಿದ. ಗಿರಾಕಿಗಳು ತುಂಬಿದ್ದರಂತೆ. “ಕಾಗದ ಬದಲು ಮಾಡೀರಿ!” ಎಂದು ಅಕ್ಕ ಕೂಗಿದಳಂತೆ. ಅವನು ಪುಟಪುಟ ತಿರುವಿ ತೋರಿಸಿ ನಕ್ಕನಂತೆ. “ಎಲ್ಲಾ ಪೇಜಿಗೂ ನಿನ್ನದೇ ಅಂಗೂಠಾ ಗುರುತು ಇದೆಯಮ್ಮಾ. ಓದಿದವನು ನಿನ್ನ ತಮ್ಮ. ಅವನಿಗೆ ಓದೋಕೆ ಬರುತ್ತಾ ಇಲ್ವಾ, ಮೊದಲು ಕೇಳಿಕೋ ಹೋಗು.”

ಅದಕ್ಕೆ ಅಕ್ಕ ಕೊಟ್ಟ ಉತ್ತರ: “ನನ್ನ ತಮ್ಮ ಪೇಪರಿನಾಗ ಬರೀತಾನ. ಅವನಿಗೆ ಓದಾಕ ಬರಂಗಿಲ್ಲ ಅಂತಿಯೇನು? ನಿನ್ನ ನಾಲಿಗಿ ಬಿದ್ದು ಹೋಗಲಿ.”

ಮಾವ ಇದನ್ನು ಹೇಳಿ ಹೆಮ್ಮೆಯಿಂದ ನಕ್ಕ. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದೆ.

ಸೋಮವಾರ ಅಕ್ಕ ರಜೆ ಹಾಕಿದಳು. ನನ್ನನ್ನೂ ಹಾಕಿಸಿದಳು. ಪೊಲೀಸ್ ಠಾಣೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತೆವು. ಪ್ಲಾಸ್ಟಿಕ್ ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದು ನನ್ನ ಮುಂದಿಟ್ಟಳು.

“ಬರಿ. ಅವತ್ತ ಓದಿದ ಕಾಗದದಾಗ ನಾಕೂ ದಿಕ್ಕಿಗೆ ಮಂದಿ ಪ್ಲಾಟಿನ ನಂಬರ್ ಇತ್ತು, ಈಗ ಇಲ್ಲ ಅಂತ. ಕೆಳಗ ನಾ ಹೆಬ್ಬಟ್ಟು ಒತ್ತತೀನಿ. ಸಾಕ್ಷಿಗಿ ನೀ ಸಹಿ ಮಾಡು.”

ಪೆನ್ನು ತೆಗೆದುಕೊಂಡೆ. ಬರೆದರೆ ಏನಾಗುತ್ತದೆಂದು ಗೊತ್ತಿತ್ತು. ಸುಳ್ಳು ದೂರು ಎರಡು ದಿನವೂ ನಿಲ್ಲುವುದಿಲ್ಲ. ಆಮೇಲೆ ಅವಳ ನಿಜವಾದ ದೂರನ್ನು ಯಾರೂ ಕೇಳುವುದಿಲ್ಲ. ಹಂಚಿಕೆಗೆಂದು ಉಳಿದವರನ್ನು ಸೇರಿಸಲು ಹೋದರೆ, ಸುಳ್ಳು ಕೇಸು ಹಾಕಿದವಳು ಎಂದು ಬ್ರೋಕರ್ ಎಲ್ಲರನ್ನೂ ದೂರ ಇಡುತ್ತಾನೆ. ಇಪ್ಪತ್ತು ವರ್ಷ ದುಡಿದು ಕೊಂಡ ಜಾಗ ಅದು, ಇದ್ದ ಒಂದು ದಾರಿಯೂ ಮುಚ್ಚಿಹೋಗುತ್ತದೆ. ಅದೂ ಅವಳದೇ ಹೆಬ್ಬಟ್ಟಿನಿಂದ, ಮತ್ತೊಮ್ಮೆ ನನ್ನ ಮಾತು ನಂಬಿ.

“ಯಾಕ ಸುಮ್ಮ ಕುಂತಿ? ಪೊಲೀಸರಿಗಿ ಅಂಜತಿಯೇನು? ನಾ ಅದೀನಿ, ಬರಿ.”

ಪೆನ್ನಿನ ಮುಚ್ಚಳ ಹಾಕಿದೆ.

“ಅಕ್ಕಾ, ಕಾಗದ ಯಾರೂ ಬದಲು ಮಾಡಿಲ್ಲ. ಅವತ್ತ ನಾ ಓದಿದ್ದು ಇದನ್ನೇ. ನನಗ ತಿಳೀಲಿಲ್ಲ. ತಿಳೀಲಿಲ್ಲ ಅಂತ ನಿನ್ನ ಮುಂದ ಹೇಳಾಕ ನಾಚಿಕಿ ಬಂತು. ತಪ್ಪಾತಕ್ಕ.”