ಹೊರಗಿನ ಕಟ್ಟೆಯ ಮೇಲೆ ಕೂತ ಮಾವ

ಕಾಲುವೆಗೆ ನೀರು ಬಿಟ್ಟರೆ ನನ್ನ ಸಂಜೆ ತರಗತಿಯ ಸೊಂಟ ಮುರಿಯುತ್ತಿತ್ತು. ಶಹಾಪುರದ ಆಚೆಯ ಆ ಊರಿನಲ್ಲಿ ಭತ್ತದ ನಾಟಿ ಶುರುವಾದರೆ ಹೆಂಗಸರು ಹಗಲೆಲ್ಲ ಕೆಸರಿನಲ್ಲಿ ಬಗ್ಗಿ, ಸಂಜೆ ಸ್ಲೇಟು ಹಿಡಿದು ತೂಕಡಿಸುತ್ತಿದ್ದರು. ಹಗಲು ಶಾಲೆಯ ಮಕ್ಕಳ ಹತ್ತಿರ ಬಡಕೊಂಡು, ಸಂಜೆ ದೊಡ್ಡವರ ಹತ್ತಿರ ಬಡಕೊಳ್ಳುವ ನನಗೂ ನಿದ್ದೆಯೇ. ವಯಸ್ಕರಿಗೆ ಕಲಿಸುತ್ತೇನೆಂದು ಒಪ್ಪಿಕೊಂಡವಳು ನಾನೇ, ಇನ್ಯಾರನ್ನು ಬೈಯಲಿ?

ಕುರಿ ಕಾಯುವವರ ಮನೆಯ ಸೊಸೆಯೊಬ್ಬಳು ಮಾತ್ರ ತೂಕಡಿಸುತ್ತಿರಲಿಲ್ಲ. ಏಳನೆಯ ತರಗತಿ ಪಾಸಾದರೆ ಅವಳಿಗೆ ಸುರಪುರದ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಗುವುದಿತ್ತು. "ಅಕ್ಕೋರ, ಕೆಸರಾಗ ನಿಂತು ನಿಂತು ಕಾಲ್ಬೆರಳ ಸಂದೆಲ್ಲ ಕೊಳತಾವ್ರಿ. ಒಲಿ ಮುಂದ ನಿಂತರ ಕಾಲಾದ್ರೂ ಒಣಗತಾವು," ಎಂದು ಒಮ್ಮೆ ದಾರಿಯಲ್ಲಿ ಸಿಕ್ಕಾಗ ಹೇಳಿದ್ದಳು. ತರಗತಿಯಲ್ಲಿ ಮಾತ್ರ ಅವಳ ಬಾಯಿಗೆ ಬೀಗ. ಯಾಕೆಂದರೆ ಅದೇ ಕೋಣೆಯಲ್ಲಿ ಅವಳ ಮಾವ ಕೂತಿರುತ್ತಿದ್ದರು.

ಕುರಿ ಕಾಯುವ ಮುದುಕರು. ಸಂಜೆ ಹೊತ್ತು ಸೊಸೆಯೊಬ್ಬಳನ್ನೇ ಅತ್ತೆ ಕಳಿಸುತ್ತಿರಲಿಲ್ಲ, ಮಾವ ಜೊತೆಗೆ ಬರಬೇಕು. ಬಂದವರು ಸುಮ್ಮನೆ ಯಾಕೆ ಕೂರುವುದೆಂದು ತಾವೂ ಒಂದು ಸ್ಲೇಟು ಕೇಳಿ ಇಸಿದುಕೊಂಡಿದ್ದರು. ಸಾಯುವುದರೊಳಗೆ ತಮ್ಮ ಹೆಸರು ಬರೆಯಬೇಕೆಂಬುದು ಅವರ ಹಟ, ಮೊದಲ ಎರಡಕ್ಷರ ಕೈಗೆ ಕೂತಿದ್ದವು. ಅವರ ಮನೆಯಲ್ಲಿ ಸೊಸೆಯಾದವಳು ಮಾವನ ಎದುರು ದನಿ ಎತ್ತುವುದಿಲ್ಲ, ಅವರ ಹೆಸರನ್ನಂತೂ ಬಾಯಿಗೆ ತರುವುದೇ ಇಲ್ಲ. ಹೀಗಾಗಿ ಮಾವ ಬಾರದಿದ್ದರೆ ಅವಳು ಬರುವಂತಿಲ್ಲ, ಅವರು ಬಂದರೆ ಓದುವಂತಿಲ್ಲ. ನನಗೋ ತಲೆ ಕೆಟ್ಟುಹೋಗಿತ್ತು.

ಪರೀಕ್ಷೆ ಮಾಡಲು ಬರುವ ಸಾಹೇಬರ ಮುಂದೆ ಗಟ್ಟಿಯಾಗಿ ಓದಿ ತೋರಿಸಬೇಕಿತ್ತು. ಒಂದು ಸಂಜೆ ಅವಳಿಗೆ ಪಾಠ ಓದಲು ಹೇಳಿದೆ. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ನನಗೆ ಬಸ್ಸಿನ ಹೊತ್ತಾಗಿತ್ತು, ಸಿಟ್ಟು ನೆತ್ತಿಗೇರಿತು. "ಹಿಂಗ ಬಾಯಿ ಮುಚ್ಕೊಂಡು ಕುಂತರ ಪರೀಕ್ಷಾಕ ನಾ ಕಳಸಂಗಿಲ್ಲ ನೋಡವ್ವ. ನಾಟಿ ಹಚ್ಕೋತ ಇರು," ಅಂದೆ. ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮುದುಕರು ಬಳಪ ಕೆಳಗಿಟ್ಟರು.

ಮರುದಿನ ಅವರು ಸೊಸೆಯನ್ನು ಬಾಗಿಲಿಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ರಸ್ತೆಯ ಕಡೆ ಮುಖ ಮಾಡಿ ಕೂತುಬಿಟ್ಟರು.

"ಒಳಗ ಬರ್ರಿ ಯಜ್ಜಾ," ಅಂದೆ.

"ಕಣ್ಣ ಕಾಣವಲ್ವು ಅಕ್ಕೋರ. ನನಗಿನ್ನ ಆಗಂಗಿಲ್ಲ ಬಿಡ್ರಿ."

ಕಾಲುವೆ ದಂಡೆಯ ಆಚೆ ಮೇಯುವ ಕುರಿಗಳಲ್ಲಿ ತಮ್ಮದು ಯಾವುದೆಂದು ಇಲ್ಲಿಂದಲೇ ಹೇಳುತ್ತಿದ್ದ ಕಣ್ಣುಗಳು ಅವು. ನಾನು ಅವರ ಸ್ಲೇಟನ್ನು ಗೋಡೆಯ ಗೂಡಿನಲ್ಲಿಟ್ಟೆ.

ಅವತ್ತು ಅವಳು ಓದಿದಳು. ಮೊದಲು ಪಿಸುದನಿ, ಆಮೇಲೆ ದಿನದಿನಕ್ಕೆ ಗಟ್ಟಿ. ನಾಟಿ ಮುಗಿದು ಪೈರು ಎದ್ದರೂ ಮುದುಕರು ಕಂಬಳಿ ಹೊದ್ದು, ಸೊಳ್ಳೆ ಕಡಿಸಿಕೊಂಡು ಹೊರಗೇ ಕೂತರು. ಅವಳು ಪಾಸಾದಳು, ಕೆಲಸವೂ ಸಿಕ್ಕಿತು. ನನಗೆ ಹಿಗ್ಗಬೇಕೆನಿಸಿತು, ಹಿಗ್ಗುವಷ್ಟು ತ್ರಾಣ ಇರಲಿಲ್ಲ.

ಸುರಪುರಕ್ಕೆ ಹೊರಡುವ ಹಿಂದಿನ ಸಂಜೆ ಅವಳು ಗೂಡಿನಿಂದ ಆ ಸ್ಲೇಟು ತೆಗೆದು, ಅದರ ಮೇಲೆ ಬರೆದು, ಕಟ್ಟೆಯ ಮೇಲೆ ಮಾವನ ಪಕ್ಕ ಇಟ್ಟು ಹಿಂದೆ ಸರಿದು ನಿಂತಳು. ಮುದುಕರು ಬೆರಳಿಟ್ಟು ಮೊದಲ ಎರಡಕ್ಷರ ಗುರುತಿಸಿದರು. ಮುಂದಿನವು ಅವರಿಗೆ ಗೊತ್ತಿರಲಿಲ್ಲ.

"ಇದು ನಂದೇನ್ರಿ ಅಕ್ಕೋರ?"

"ಹೌದ್ರಿ. ಪೂರಾ ನಿಮ್ಮ ಹೆಸರೇ ಐತಿ."

ಮುಂದಿನ ಅಕ್ಷರಗಳ ಮೇಲೂ ಬೆರಳಾಡಿಸಿದರು. ಆಮೇಲೆ ಅವಳ ಕಡೆ ತಿರುಗದೆ ನನಗೆ ಹೇಳಿದರು: "ಆಕಿಗೆ ಒಮ್ಮೆ ಓದು ಅನ್ರಿ. ನಾ ಆ ಕಡಿ ಮಾರಿ ಮಾಡ್ತೀನಿ."

ಅವರು ರಸ್ತೆಯ ಕಡೆ ಮುಖ ತಿರುಗಿಸಿದರು. ಸೊಸೆ ನನ್ನನ್ನು ನೋಡಿದಳು, ಸ್ಲೇಟನ್ನು ನೋಡಿದಳು, ಮಾವನ ಹೆಸರನ್ನು ಗಟ್ಟಿಯಾಗಿ ಓದಿದಳು.

"ಹ್ಞೂಂ," ಎಂದರು ಮುದುಕರು, ಮನೆಯಲ್ಲಿ ಯಾರೋ ಕರೆದಾಗ ಓಗೊಡುವಂತೆ.