ಅಂಗೈಯಗಲದ ಜಿಲೇಬಿ ಮೀನು

ನನ್ನ ಮೊಮ್ಮಗಳು ಮೀನಿನ ಕಾಲೇಜು ಓದಿ ಪಾಸಾಗಿ ಬಂದಿದ್ದಾಳೆ. ನಮ್ಮ ಕಾಫಿ ತೋಟದ ಕೂಲಿ ಲೈನುಮನೆಗಳಲ್ಲಿ ಇಷ್ಟು ಓದಿದವರು ಇನ್ನೊಬ್ಬರಿಲ್ಲ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳ ವಿಷಯ ಬರೆಯಲು ಕೂತರೆ ಸಂತೋಷಕ್ಕೆ ಅಕ್ಷರ ಸೊಟ್ಟಗಾಗುತ್ತದೆ. ಆದರೆ ಅವಳ ಓದೇ ನನ್ನ ಮುಖಕ್ಕೆ ಹೊಡೆದದ್ದನ್ನೂ ಬರೆಯಬೇಕು.

ತಿತಿಮತಿ ಹತ್ತಿರದ ಈ ಎಸ್ಟೇಟಿನಲ್ಲಿ ನನ್ನ ಗಂಡ ಕೆರೆ ಕಾಯುತ್ತಿದ್ದರು. ಸಾಹುಕಾರರು ಅದಕ್ಕೆ ಜಿಲೇಬಿ ಮೀನಿನ ಮರಿ ಬಿಡಿಸಿದ್ದರು. ಮೂರನೇ ಬೇಸಿಗೆಯಲ್ಲಿ, ಕಾಫಿ ಹೂವಾಗಲೆಂದು ತೋಟಕ್ಕೆ ನೀರು ಹೊಡೆದು ಹೊಡೆದು, ಕೆರೆಯ ತಳ ಕಂಡಿತು. ರಾಶಿ ರಾಶಿ ಮೀನು. ಒಂದೂ ಅಂಗೈ ಮೀರಿರಲಿಲ್ಲ.

"ಮೂರು ವರ್ಷದ ಮೀನು ಇಷ್ಟೇನಾ? ದೊಡ್ಡದೆಲ್ಲ ಎಲ್ಲಿಗೆ ಹೋಯ್ತಯ್ಯ?" ಎಂದರು ಸಾಹುಕಾರರು.

"ಇರೋದೇ ಇಷ್ಟು ಸಾರ್. ಬೆಳೀಲೇ ಇಲ್ಲ."

"ಇಲ್ಲಿ ಬೆಳೀಲಿಲ್ಲ. ಕುಟ್ಟದ ಸಂತೇಲಿ ಬೆಳೆದಿರ್ಬೇಕು!"

ಸುತ್ತ ನಿಂತವರೆಲ್ಲ ನಕ್ಕರು. ಮಾರನೇ ದಿನದಿಂದ ನನ್ನ ಗಂಡನನ್ನು ಕೆರೆ ಬಿಡಿಸಿ ಕಳೆ ತೆಗೆಯುವ ಕೆಲಸಕ್ಕೆ ಹಾಕಿದರು. ನಾನು ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋದರೆ ಹೆಂಗಸರು, "ಏನಕ್ಕ, ಇವತ್ತು ಮೀನು ಎಷ್ಟು ಕೆಜಿ ಹೋಯ್ತು?" ಎಂದು ಕಿಸಿಯುತ್ತಿದ್ದರು. ಅವಮಾನ ತಡೆಯದೆ ನಾನೂ ಒಂದು ದಿನ ಕೇಳಿಬಿಟ್ಟೆ, "ನಿಜ ಹೇಳಿ, ಮಾರಿದ್ರಾ?"

"ಬೆಳೀಲೇ ಇಲ್ಲ ಅಂದ್ನಲ್ಲ" ಎಂದು ಅವರು ಕತ್ತಿ ಹಿಡಿದು ಕಳೆಗೆ ಹೋದರು. ಮಾರಿದ್ದಕ್ಕೇ ಮುಖ ತಪ್ಪಿಸುತ್ತಿದ್ದಾರೆ ಎಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡೇ ಅನ್ನ ಬಡಿಸಿದೆ.

ಮೊನ್ನೆ ಮೊಮ್ಮಗಳು ನನ್ನಿಂದ ಈ ಹಳೇ ಕಥೆ ಕೇಳಿ ಅದೇ ಕೆರೆಗೆ ಗಾಳ ಹಾಕಿ ನಾಲ್ಕು ಮೀನು ತಂದಳು. ಅದೇ ಅಂಗೈಯಗಲ. ಹೊಟ್ಟೆ ಸೀಳಿ ತೋರಿಸಿದಳು.

"ನೋಡಜ್ಜಿ, ಮೊಟ್ಟೆ. ಮರಿ ಆಗಿದ್ರೆ ಮೊಟ್ಟೆ ಇರ್ತಿತ್ತಾ? ಇದು ವಯಸ್ಸಾದ ಮೀನು. ಜಿಲೇಬಿ ಮರಿ ಮೇಲೆ ಮರಿ ಹಾಕಿ ಕೆರೆ ತುಂಬ್ಕೊಳ್ತದೆ. ಆಮೇಲೆ ಮೇವು ಸಾಲ್ದೆ ಯಾವ್ದೂ ಬೆಳೆಯಲ್ಲ, ಇಷ್ಟಕ್ಕೇ ಮುದಿಯಾಗಿ ಸಾಯ್ತದೆ. ಹೊಟ್ಟೆ ತುಂಬ ಸಿಕ್ಕಿದ್ರೆ ವರ್ಷಕ್ಕೇ ಅರ್ಧ ಕೆಜಿ ಬರ್ತಿತ್ತು."

ನನಗೆ ಆಗ ನೆನಪಾಯಿತು. ಆ ಬೇಸಿಗೆ ಸಾಹುಕಾರರು ಮನೆಗೊಂದು ಬುಟ್ಟಿ ಮೀನು ಹಂಚಿಸಿದ್ದರು. ನಾನೇ ಕುಯ್ದಿದ್ದೆ. ಎಷ್ಟೋ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ. ಖಾರ ಹಾಕಿ ಹುರಿದು ಮಗಳಿಗೆ ತಿನ್ನಿಸಿದೆ. ಗಂಡ ಕಳ್ಳನಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಕೈಯಲ್ಲೇ ಇತ್ತು, ಬಾಣಲೆಗೆ ಹಾಕಿದೆ.

ಸಾಹುಕಾರರು ಸತ್ತು ಎಷ್ಟೋ ಕಾಲವಾಯಿತು. ಮೊಮ್ಮಗಳು ಜಗಲಿಗೆ ಓಡಿ ತಾತನಿಗೆ ಎಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು.

"ಇನ್ನೊಂದ್ಸಲ ಹೇಳವ್ವ. ಜೋರಾಗಿ ಹೇಳು, ಪಕ್ಕದ್ಮನೆಗೂ ಕೇಳ್ಲಿ."

ಅವಳು ಜೋರಾಗಿ ಹೇಳಿದಳು. ನಾನು ಬಾಗಿಲಲ್ಲಿ ನಿಂತು "ತಪ್ಪಾಯ್ತು" ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. "ನನ್ ಮಾತು ನಂಬ್ಲಿಲ್ಲ. ಮೀನು ಹೇಳಿದ್ಮೇಲಾದ್ರೂ ನಂಬಿದ್ಯಲ್ಲ, ಬಿಡು" ಎಂದರು.