ಚಾಚಾ ಕತ್ತರಿಸಿದ ಬಟ್ಟೆ

ಸೇಡಂನ ಮದುವೆಗೆಂದು ಹೊಲಿಸಿದ್ದ ಬ್ಲೌಸನ್ನು ಚಿತ್ತಾಪುರದ ನಮ್ಮ ಟೇಲರ್ ಚಾಚಾ ತಿರುವಿ ಹಿಡಿದು, ಒಳಹೊಲಿಗೆಯ ಪಕ್ಕದ ಹೆಚ್ಚಿನ ಬಟ್ಟೆಯನ್ನು ನನ್ನೆದುರೇ ಕತ್ತರಿಸಿದರು. ನಾನು ದಂಗಾದೆ. ಮುಂದೆ ಬಿಗಿಯಾದರೆ ಸಡಿಲಿಸಲು ಬೇಕಾಗುತ್ತದೆಂದು ಆ ಬಟ್ಟೆಯನ್ನು ಯಾವ ಟೇಲರೂ ಮುಟ್ಟುವುದಿಲ್ಲ.

"ಚಾಚಾ, ಅದನ್ನ ಯಾಕ ಕತ್ತರಿಸಿದ್ರಿ?"

ಐದು ವರ್ಷದ ಹಿಂದೆ ನೂರ ಹದಿನೆಂಟು ಕೆಜಿ ಇದ್ದ ನಾನು ಹೊಟ್ಟೆ ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡೆ. ಅಂದಿನಿಂದ ನನ್ನ ಬಟ್ಟೆಗಳನ್ನೆಲ್ಲ ಸಣ್ಣ ಮಾಡುತ್ತ ಬಂದವರು ಇವರೇ. ಆದರೆ ಪ್ರತಿ ಸಲವೂ ಒಳಗೆ ಮೂರು ಬೆರಳಿನಷ್ಟು ಬಟ್ಟೆ ಬಿಡುತ್ತಿದ್ದರು. ನಾನು ಮತ್ತೆ ದಪ್ಪಗಾಗುತ್ತೇನೆಂದು ನೆಂಟರಂತೆ ಅವರಿಗೂ ಖಾತ್ರಿಯಿತ್ತು. ನನಗೂ ಅದೇ ಭಯ. ಮೂರನೇ ವರ್ಷ ನಾಲ್ಕು ಕೆಜಿ ಏರಿತ್ತು ಕೂಡ. ಆಮೇಲೆ ಮತ್ತೆ ಹಟ ಹಿಡಿದು ಅದನ್ನು ಇಳಿಸಿದೆ: ಮೊದಲು ಒಂದು ಬಟ್ಟಲು ಬೇಳೆ ಅಥವಾ ಮೊಳಕೆಕಾಳು, ನಂತರ ಅರ್ಧ ಜೋಳದ ರೊಟ್ಟಿ, ಅದನ್ನೂ ನಿಧಾನವಾಗಿ ಅಗಿದು. ಮದುವೆಮನೆಯಲ್ಲಿ ಹೋಳಿಗೆ ಬಂದರೆ ಎಲೆಗೆ ಕೈ ಅಡ್ಡ.

ಚಾಚಾ ಕನ್ನಡಕ ಏರಿಸಿ ನನ್ನತ್ತ ನೋಡಿದರು. "ಐದು ವರ್ಷದಾಗ ಒಮ್ಮಿನೂ ಹೊಲಿಗಿ ಬಿಚ್ಚಿ ಸಡಿಲ ಮಾಡಸ್ಲಿಕ್ಕ ಬಂದಿಲ್ಲ ನೀವು. ನಂದೇ ತಪ್ಪಾಯ್ತು ಅಕ್ಕೋರೆ, ಇಷ್ಟು ದಿನ ಸುಮ್ನ ಬಟ್ಟಿ ಬಿಟ್ಟೆ."

ಈಗ ಆ ಬ್ಲೌಸನ್ನು ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆಯೇ ಇಲ್ಲ. ಮದುವೆಗೆ ಅದನ್ನೇ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಪಂಕ್ತಿಯಲ್ಲಿ ಕುಳಿತೆ.